ಕೋಲಿಗೆ ಅಳತೆ ನೋಡುತ್ತಿದ್ದ ಯಜಮಾನರು

ಹೋದ ತಿಂಗಳು ದಂಡಿಗನಹಳ್ಳಿಯಲ್ಲಿ ಒಬ್ಬರು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಿರೀಸಾವೆಯಲ್ಲಿದ್ದ ತಮ್ಮ ಶೆಡ್ಡಿಗೆ ಒಂದು ಬೋರ್ಡು ಹಾಕಿಸಿಕೊಳ್ಳಿ ಎಂದು ಎಷ್ಟು ಸಲ ಹೇಳಿದರೂ, "ಬೋರ್ಡ್ ನೋಡ್ಕಂಡು ಬರೋರು ಬ್ಯಾಡ ಸಾ, ಕೈ ನೋವು ಅಂತ ಬರೋರು ಸಾಕು" ಎನ್ನುತ್ತಿದ್ದ ಮನುಷ್ಯ. ಸುತ್ತಮುತ್ತಲಿನವರು ಯಜಮಾನ್ರು ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಗುದ್ದಲಿಯ ಕಾವಿನಿಂದ ಹಿಡಿದು ಗಾಲ್ಫ್ ಆಡುವ ಕೋಲಿನವರೆಗೆ, ಹಿಡಿಯುವವರ ಮೈಗೆ ತಕ್ಕ ಅಳತೆ ನೋಡಿ ಸರಿಮಾಡಿಕೊಡುವುದು ಅವರ ಕಸುಬು. ಆ ಅಳತೆಯಲ್ಲಿ ಅವರು ಒಂದು ಸಲ ತಪ್ಪಿದರು, ಅದರಿಂದ ಒಬ್ಬ ಹೆಣ್ಣುಮಗಳ ಬದುಕೇ ಹಾಳಾಗುವುದರಲ್ಲಿತ್ತು ಎಂದು ಹಾಸನದಲ್ಲಿ ಈಗಲೂ ಹೇಳುವವರಿದ್ದಾರೆ. ಅದು ಸುಳ್ಳು. ಆ ಸುಳ್ಳನ್ನು ಹುಟ್ಟಿಸಿದವನು ನಾನು.

ನಾನು ಸರ್ವೇಯರ್ ಆಗಿದ್ದವನು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಸರಪಳಿ ಎಳೆಸಿ, ಗಡಿಕಲ್ಲು ನೆಡಿಸಿ, ಅಣ್ಣತಮ್ಮಂದಿರಿಬ್ಬರ ಕೈಯಿಂದಲೂ ಬೈಸಿಕೊಂಡು ನಿವೃತ್ತನಾದೆ. ಆಮೇಲೆ ಹಾಸನದಲ್ಲಿ ಮನೆ ಮಾಡಿದೆ. ಊರಾಚೆ ಒಂಬತ್ತು ಗುಂಡಿಯ ಸಣ್ಣದೊಂದು ಗಾಲ್ಫ್ ಮೈದಾನವಿದೆ. ಅದರ ಗಡಿ ಅಳೆದುಕೊಟ್ಟವನೇ ನಾನು, ಆ ಸಲಿಗೆಯಿಂದ ಅಲ್ಲಿಯ ಕಾರ್ಯದರ್ಶಿ ನನ್ನನ್ನೂ ಆಟಕ್ಕೆ ಎಳೆದರು. ನನ್ನ ಹೆಂಡತಿ ಮಾತ್ರ, "ಮೂವತ್ತು ವರ್ಷ ಊರೋರ ಹೊಲದಲ್ಲಿ ಓಡಾಡಿದ್ದು ಸಾಲದು ಅಂತ ಈಗ ದುಡ್ಡು ಕೊಟ್ಟು ಓಡಾಡ್ತೀರಾ" ಎಂದು ಕೇಳಿದಳು. ಷೂ ಹಾಕಿಕೊಂಡು ಹೊರಟೆ.

ಗಾಲ್ಫಿನಲ್ಲಿ ಡ್ರೈವರ್ ಎಂದು ಒಂದು ಕೋಲಿದೆ. ಇದ್ದುದರಲ್ಲಿ ಉದ್ದನೆಯದು, ತಲೆ ದಪ್ಪ, ಚೆಂಡನ್ನು ದೂರಕ್ಕೆ ಕಳಿಸುವ ಮೊದಲ ಹೊಡೆತಕ್ಕೆ ಬಳಸುವಂಥದ್ದು. ನಾನು ಹೊಡೆದ ಚೆಂಡು ದೂರವೇನೋ ಹೋಗುತ್ತಿತ್ತು, ಆದರೆ ಬಲಕ್ಕೆ ತಿರುಗಿ ಪಕ್ಕದ ರಾಗಿ ಹೊಲಕ್ಕೆ. ತಪ್ಪು ಕೋಲಿನದು ಎಂದು ಯಾರೋ ಹೇಳಿದರು. ಅಂಥ ಮಾತು ಕೇಳಲು ಎಷ್ಟು ಹಿತ. ಬೆಂಗಳೂರಿಗೆ ಹೋಗಿ, ಮಿಷಿನ್ ಮುಂದೆ ನಿಂತು ಬೀಸಿ, ನನ್ನ ಅಳತೆಗೇ ಒಂದು ಡ್ರೈವರ್ ಮಾಡಿಸಿಕೊಂಡು ಬಂದೆ. ಜೊತೆಗೆ ಅಂಕಿಗಳು ತುಂಬಿದ ಒಂದು ಹಾಳೆ ಕೊಟ್ಟಿದ್ದರು. ಸರ್ವೇಯರನಿಗೆ ಅಂಕಿ ಕೊಟ್ಟರೆ ಕೇಳಬೇಕೆ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಇಟ್ಟುಕೊಂಡೆ. ಮರುದಿನ ಚೆಂಡು ಮತ್ತೆ ರಾಗಿ ಹೊಲಕ್ಕೇ ಹೋಯಿತು.

"ಹಿರೀಸಾವೇಲಿ ಒಬ್ರಿದಾರೆ, ಒಂದ್ಸಲ ತೋರಿಸಿ" ಎಂದರು ಕಾರ್ಯದರ್ಶಿ, ಹಲ್ಲು ನೋವಿಗೆ ಡಾಕ್ಟರ ಹೆಸರು ಹೇಳುವವರ ಹಾಗೆ.

ಹೆದ್ದಾರಿಯ ಪಕ್ಕ, ಒಂದು ಪಂಕ್ಚರ್ ಅಂಗಡಿಗೆ ಆತುಕೊಂಡ ತಗಡಿನ ಶೆಡ್ಡು. ಒಳಗೆ ಗುದ್ದಲಿ, ಕೊಡಲಿ, ಮಚ್ಚು, ಅವುಗಳ ನಡುವೆ ಗೋಡೆಗೆ ಒರಗಿಸಿದ ನಾಲ್ಕು ಗಾಲ್ಫ್ ಕೋಲು. ಯಜಮಾನರು ಸಣ್ಣ ವಯಸ್ಸಿನಲ್ಲಿ ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರಲು ಸೇರಿದ್ದರಂತೆ. ಆಮೇಲೆ ಅಲ್ಲಿಯ ರಿಪೇರಿ ಕೋಣೆಯಲ್ಲಿ ಕೂತು, ಅದೇ ಕೋಣೆಯಲ್ಲಿ ತಲೆ ಬೆಳ್ಳಗಾಗಿ, ವಯಸ್ಸಾಯಿತು ಎಂದು ಮೈದಾನದವರು ಕಳಿಸಿದ ಮೇಲೆ ಊರಿಗೆ ಬಂದರು. ಮದುವೆ ಆಗಿರಲಿಲ್ಲ. ದಂಡಿಗನಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಶೆಡ್ಡಿಗೆ ಬರುತ್ತಿದ್ದರು.

ನಾನು ಡ್ರೈವರನ್ನು ಹೊದಿಕೆ ತೆಗೆದು ಮುಂದೆ ಹಿಡಿದರೆ ಅವರು ಅದರತ್ತ ನೋಡಲೂ ಇಲ್ಲ.

"ಷೂ ಬಿಚ್ಚಿ ಸಾ."

ಬಿಚ್ಚಿದೆ. ಎರಡನ್ನೂ ಮಗುಚಿ, ಅಟ್ಟೆ ಎಲ್ಲಿ ಸವೆದಿದೆ ಎಂದು ಬೆರಳಿನಲ್ಲಿ ಸವರಿ ನೋಡಿದರು. ಆಮೇಲೆ ನನ್ನ ಅಂಗೈ ಹಿಡಿದು ಜಡ್ಡುಗಟ್ಟಿದ ಜಾಗಗಳನ್ನು ಒಂದೊಂದಾಗಿ ಒತ್ತಿದರು. ಪಂಕ್ಚರ್ ಅಂಗಡಿಯವನು ಅಲ್ಲಿಂದಲೇ, "ಆಯಸ್ಸು ಎಷ್ಟದೆ ನೋಡೇಳಿ ಯಜಮಾನ್ರೆ" ಎಂದು ಛೇಡಿಸಿದ. ಅವರು ತಲೆಯೆತ್ತಲಿಲ್ಲ. ಗೂಡಿನಿಂದ ಒಂದು ವಿಭೂತಿ ಗಟ್ಟಿ ತೆಗೆದು ಡ್ರೈವರಿನ ಚೆಂಡು ತಗಲುವ ಮುಖಕ್ಕೆ ಬಳಿದು, ಶೆಡ್ಡಿನ ಹಿಂದಿನ ಬೀಳಿನಲ್ಲಿ ಕಟ್ಟಿದ್ದ ಹಳೆಯ ಮೀನಿನ ಬಲೆಯ ಮುಂದೆ ನನ್ನನ್ನು ನಿಲ್ಲಿಸಿದರು. ಹತ್ತು ಚೆಂಡು ಹೊಡೆಸಿದರು. ಪ್ರತಿ ಹೊಡೆತಕ್ಕೂ ಚೆಂಡು ತಗುಲಿದ ಕಡೆ ವಿಭೂತಿ ಅಳಿಸಿ ಗುರುತು ಬೀಳುತ್ತಿತ್ತು, ಅದನ್ನೊಂದು ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಚುಕ್ಕಿಯಿಟ್ಟು, ಮತ್ತೆ ಬಳಿಯುತ್ತಿದ್ದರು. ಕೊನೆಗೆ ರಟ್ಟನ್ನು ನನ್ನ ಮುಂದಿಟ್ಟರು.

"ಹತ್ತು ಹೊಡ್ತ, ಹತ್ತು ಕಡೆ. ಒಂದೇ ತಪ್ಪ ಹತ್ತು ಸಲ ಮಾಡೋ ಅಂಗಾದ್ರೆ ಬನ್ನಿ ಸಾ, ಕೋಲ್ ಸರಿಮಾಡ್ಕೊಡ್ತೀನಿ. ಹತ್ತು ತರ ತಪ್ಪು ಮಾಡೋರ್ಗೆ ಯಾವ್ ಅಳತೆ ಮಡಗ್ಲಿ?"

"ಮಿಷಿನ್ನಲ್ಲಿ ಅಳತೆ ತಗೊಂಡಿದಾರಲ್ರೀ" ಎಂದು ಹಾಳೆ ಮುಂದೆ ಹಿಡಿದೆ. ನನ್ನ ದನಿ ಸ್ವಲ್ಪ ಏರಿತ್ತು.

"ಅಲ್ಲಿ ಫೋಟೋಕ್ಕೆ ನಿಂತಂಗೆ ನಿಂತು ಬೀಸಿರ್ತೀರ. ಆ ಮನ್ಸನ್ಗೆ ಅಳತೆ ತಗಂಡವ್ರೆ, ಸರ್ಯಾಗೇ ತಗಂಡವ್ರೆ. ಆ ಮನ್ಸ ನಿಮ್ ಜೊತೇಲಿ ಹಾಸನಕ್ಕೆ ಬರ್ನಿಲ್ಲ ಕಣ್ ಸಾ, ಅಷ್ಟೇಯ."

ಆರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿಬಿಟ್ಟರು. ದಾರಿಯುದ್ದಕ್ಕೂ ಬೈದುಕೊಂಡೆ. ಗುದ್ದಲಿ ಕಾವು ಕೆತ್ತುವವನಿಗೆ ಎಷ್ಟು ಜಂಬ ಎಂದೆ. ಆದರೆ ಒಳಗೊಳಗೆ ಗೊತ್ತಿತ್ತು, ಆ ರಟ್ಟಿನ ಚುಕ್ಕಿಗಳು ಸುಳ್ಳು ಹೇಳುವುದಿಲ್ಲ ಎಂದು.

ಆರಲ್ಲ, ಎಂಟು ತಿಂಗಳ ಮೇಲೆ ಹೋದೆ. ಈ ಸಲ ಚುಕ್ಕಿಗಳೆಲ್ಲ ತಲೆಯ ಒಳಬದಿಗೆ, ಕೋಲು ಬಂದು ಸೇರುವ ಕಡೆಗೆ, ಒಂದೇ ಜಾಗದಲ್ಲಿ ಗುಂಪಾಗಿ ಬಿದ್ದವು. ಯಜಮಾನರ ಮುಖ ಅರಳಿತು. "ಈಗ ನೀವು ಒಬ್ಬ ಮನ್ಸ ಆದ್ರಿ" ಎಂದು, ಕೋಲನ್ನು ಅರ್ಧ ಇಂಚು ಕಡಿದು, ಹಿಡಿಯ ರಬ್ಬರಿನ ಕೆಳಗೆ ಎರಡು ಸುತ್ತು ಟೇಪು ಸುತ್ತಿಕೊಟ್ಟರು. ಅರ್ಧ ಗಂಟೆಯ ಕೆಲಸ. ಚೆಂಡು ಮೊದಲಿಗಿಂತ ದೂರ ಹೋಗಲಿಲ್ಲ, ಆದರೆ ಹುಡುಕಿದರೆ ಸಿಗುವ ಜಾಗದಲ್ಲಿ ಬೀಳತೊಡಗಿತು. ನನ್ನ ವಯಸ್ಸಿನವನಿಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ಅಂದಿನಿಂದ ನಾನು ಅವರ ಪರವಾಗಿ ವಾದ ಮಾಡುವವನಾದೆ. ಕೋಲಿಗೆ ಅಳತೆ ಮಾಡಿಸುವುದು ದಂಡ ಎಂದು ಮೈದಾನದಲ್ಲಿ ಯಾರಾದರೂ ಅಂದರೆ ಕೈಹಿಡಿದು ಹಿರೀಸಾವೆಗೆ ಕರೆದುಕೊಂಡು ಹೋಗುತ್ತಿದ್ದೆ. ವಿಚಿತ್ರವೆಂದರೆ ಯಜಮಾನರೇ ಅರ್ಧಕ್ಕರ್ಧ ಜನರನ್ನು ಬೇಡ ಎಂದು ವಾಪಸು ಕಳಿಸುತ್ತಿದ್ದರು. ಚನ್ನರಾಯಪಟ್ಟಣದ ಕಂಟ್ರಾಕ್ಟರೊಬ್ಬರು ಹೊಸ ಡ್ರೈವರ್ ಹಿಡಿದುಕೊಂಡು ಬಂದಾಗ, "ಕೋಲು ಚೆನ್ನಾಗದೆ ಸಾ. ಹೊಟ್ಟೆ ಒಂದೀಟು ಇಳಿಸ್ಕಂಡು ಬನ್ನಿ, ಈಗ ಅಳತೆ ತಗಂಡ್ರೆ ಆಗ ಬದಲಾಯ್ತದೆ" ಎಂದುಬಿಟ್ಟರು. ಆತ ಮೊದಲು ಕೆಂಪಗಾಗಿ ಆಮೇಲೆ ಜೋರಾಗಿ ನಕ್ಕರು. ಅದೇ ದಿನ, ಕಂಟ್ರಾಕ್ಟರ್ ನೋಡುತ್ತ ನಿಂತಿದ್ದಂತೆಯೇ, ಕಳೆ ಕೀಳುವ ಒಬ್ಬ ಹೆಂಗಸಿನ ಗುದ್ದಲಿಗೆ ಮುಕ್ಕಾಲು ಗಂಟೆ ವ್ಯಯ ಮಾಡಿದರು. ಅವಳನ್ನು ಬೀಳಿನಲ್ಲಿ ಅಗೆಯಲು ಹಚ್ಚಿ, ಬಗ್ಗುವಾಗ ಸೊಂಟ ಎಲ್ಲಿ ನಿಲ್ಲುತ್ತದೆ ನೋಡಿ, ಕಾವನ್ನು ಕೈಗೆ ಸಿಗುವಷ್ಟು ತೆಳ್ಳಗೆ ಹೆರೆದರು. ಇಬ್ಬರಿಗೂ ಮಾತು ಒಂದೇ, ನೋಟ ಒಂದೇ. ಇದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೂರು ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಟೀ ಲೋಟದಲ್ಲಿ ಕಂಡಿತು, ಆಮೇಲೆ ಪೆನ್ಸಿಲ್ಲಿನ ಚುಕ್ಕಿಯಲ್ಲಿ. ಕೆಲಸ ನಿಧಾನವಾಯಿತೇ ಹೊರತು ಕೆಡಲಿಲ್ಲ.

ಈಗ ಭಾಗ್ಯಳ ವಿಷಯ. ಅವಳು ನಮ್ಮ ಮೈದಾನದಲ್ಲಿ ಹುಲ್ಲು ಕತ್ತರಿಸಲು ಬರುತ್ತಿದ್ದ ಕೂಲಿಯವಳು. ತವರು ಅರಕಲಗೂಡು ಕಡೆ, ಗಂಡ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಲಾರಿಗೆ ಲೋಡು ಮಾಡುತ್ತಿದ್ದ, ಐದು ವರ್ಷದ ಒಬ್ಬ ಮಗಳು. ಯಾರೋ ಬಿಟ್ಟುಹೋದ ಗಂಡಸರ ಡ್ರೈವರೊಂದನ್ನು ಹಿಡಿದು ಕೆಲಸ ಮುಗಿದ ಮೇಲೆ ತಾನೇ ಹೊಡೆದು ಹೊಡೆದು ಕಲಿತಿದ್ದಳು. ಎರಡು ವರ್ಷದಲ್ಲಿ ನಮ್ಮೆಲ್ಲರಿಗಿಂತ ನೇರವಾಗಿ ಹೊಡೆಯತೊಡಗಿದಳು. ಅಷ್ಟರಲ್ಲಿ ಬೆಂಗಳೂರಿನ ಒಂದು ಗಾಲ್ಫ್ ಶಾಲೆಯವರು, ಮಕ್ಕಳಿಗೆ ಆಟ ಕಲಿಸಲು ಹೆಣ್ಣುಮಕ್ಕಳನ್ನು ಆರಿಸಿ, ತರಬೇತಿ ಕೊಟ್ಟು, ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾಯಿತು. ಆಯ್ಕೆಗೆ ಹನ್ನೆರಡು ದಿನವಿತ್ತು. ವಯಸ್ಸಿನ ಮಿತಿ ಇದ್ದುದರಿಂದ ಅವಳಿಗೆ ಅದೊಂದೇ ಅವಕಾಶ. ಅರ್ಜಿ ತುಂಬಿಸಿದವನು ನಾನು, ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದವನೂ ನಾನು.

ಅವಳು ಆ ಉದ್ದನೆಯ ಕೋಲನ್ನು ತುದಿಯಿಂದ ಸರಿಯಾಗಿ ಒಂದಿಂಚು ಕೆಳಗೆ ಹಿಡಿಯುತ್ತಿದ್ದಳು. ನನ್ನ ಕಣ್ಣಿಗೆ ಅದು ಬಿತ್ತು. ಒಂದಿಂಚು ಹೆಚ್ಚಾಗಿದೆ, ಕಡಿದರೆ ಸರಿಹೋಗುತ್ತದೆ, ಲೆಕ್ಕ ಸುಲಭ. ಯಜಮಾನರಿಗೆ ಹೇಳಿದೆ. ಅವರು ಹಾಸನಕ್ಕೇ ಬಂದು, ಅವಳು ಹೊಡೆಯುವುದನ್ನು ಒಂದು ಮಧ್ಯಾಹ್ನವೆಲ್ಲ ಕೂತು ನೋಡಿ, ನನ್ನನ್ನು ಆಚೆ ಕರೆದರು.

"ಮುಟ್ಬ್ಯಾಡಿ ಸಾ."

"ಉದ್ದ ಜಾಸ್ತಿ ಇದೆಯಲ್ಲ?"

"ಅದೆ. ಆದ್ರೆ ಅವ್ಳ ಕೈ ಆಗ್ಲೇ ಅಳತೆ ಮಾಡ್ಕಂಡ್ಬುಟ್ಟದೆ. ಅದೇ ಜಾಗ, ಅದೇ ದಪ್ಪ, ಮ್ಯಾಲೆ ಉಳ್ದಿರೋ ಒಂದಿಂಚಿನ ಅದೇ ತೂಕ. ಕೆಲಸ ಸಿಕ್ಕಿದ್ಮ್ಯಾಕೆ ಹೊಸದು ಮಾಡ್ಕೊಡ್ತೀನಿ. ಈಗ ಮುಟ್ಬ್ಯಾಡಿ."

ನಾನು ಕೇಳಲಿಲ್ಲ. ಕೈ ನಡುಗುತ್ತಿದೆ, ಧೈರ್ಯ ಸಾಲದೆ ಹೀಗನ್ನುತ್ತಾರೆ ಎಂದುಕೊಂಡೆ. ಜೀವನವೆಲ್ಲ ಅಳೆದವನು ನಾನು, ಒಂದಿಂಚು ನನಗೆ ಗೊತ್ತಾಗದೆ? ಡ್ರೈವರನ್ನು ಚನ್ನರಾಯಪಟ್ಟಣದ ಒಂದು ಮೋಟಾರ್ ವರ್ಕ್‌ಶಾಪಿಗೆ ತೆಗೆದುಕೊಂಡು ಹೋಗಿ, ಸ್ಕೇಲು ಇಟ್ಟು ಗೆರೆ ಎಳೆದು, ಒಂದಿಂಚು ಕಡಿಸಿದೆ. ಹಳೆಯ ರಬ್ಬರ್ ಹಿಡಿಯನ್ನು ಸೀಳಿ ಎಸೆಸಿ ಹೊಸದು ಹಾಕಿಸಿದೆ. ಭಾಗ್ಯ ಯಜಮಾನರಲ್ಲದೆ ಬೇರೆಯವರು ಮುಟ್ಟಿದ್ದನ್ನು ಒಪ್ಪುವವಳಲ್ಲ ಎಂದು ಗೊತ್ತಿತ್ತು. ಅದಕ್ಕೇ ಅವಳ ಕೈಗೆ ಕೊಡುವಾಗ, "ಯಜಮಾನ್ರೇ ಅಳತೆ ನೋಡಿ ಕಡಿದುಕೊಟ್ಟಿದಾರೆ" ಎಂದೆ. ಬಾಯಿಂದ ಎಷ್ಟು ಸಲೀಸಾಗಿ ಬಂತು ಆ ಮಾತು.

ಅವಳು ಹೊಡೆದಳು. ಚೆಂಡಿನ ನೆತ್ತಿ ಸವರಿಕೊಂಡು ಹೋಯಿತು. ಮತ್ತೆ ಹೊಡೆದಳು, ನೆಲ ಕಿತ್ತುಬಂತು. ರೂಢಿ ಬಿದ್ದ ಕೈ ಮತ್ತೆ ಒಂದಿಂಚು ಕೆಳಗೇ ಹೋಗುತ್ತಿತ್ತು. ಮೇಲಕ್ಕೆ ಹಿಡಿದರೆ ಅಲ್ಲಿ ರಬ್ಬರು ದಪ್ಪ, ಅವಳ ಸಣ್ಣ ಅಂಗೈಗೆ ಕೂರುತ್ತಿರಲಿಲ್ಲ. ಮೂರು ದಿನ ಹೀಗೇ ನಡೆಯಿತು. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಏನಾಯಿತು ಎಂದು ಕಾರ್ಯದರ್ಶಿ ಕೇಳಿದರು, ಇನ್ನೂ ನಾಲ್ಕು ಜನ ಕೇಳಿದರು. "ಯಜಮಾನ್ರು ಒಂದಿಂಚು ಕಡಿದ್ರು" ಎಂದೇ ಎಲ್ಲರಿಗೂ ಹೇಳಿದೆ. ಒಂದು ಸಲ ಹೇಳಿದ ಮೇಲೆ ಅದನ್ನೇ ಹೇಳುತ್ತ ಹೋಗಬೇಕಾಯಿತು.

ಆಯ್ಕೆಗೆ ನಾಲ್ಕು ದಿನ ಇದ್ದಾಗ ಹಿರೀಸಾವೆಗೆ ಹೋಗಿ, ನಡೆದದ್ದನ್ನೆಲ್ಲ ಅವರ ಮುಂದೆ ಒಪ್ಪಿಕೊಂಡೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತಿದ್ದೆ. ಅವರು ಕೋಲನ್ನು ತಿರುಗಿಸಿ ನೋಡಿ, "ಹಳೇ ರಬ್ಬರ್ ಎಲ್ಲಿ?" ಎಂದಷ್ಟೇ ಕೇಳಿದರು. ಮತ್ತೆ ಚನ್ನರಾಯಪಟ್ಟಣಕ್ಕೆ ಓಡಿದೆ. ವರ್ಕ್‌ಶಾಪಿನ ಹಿಂದಿನ ಗುಜರಿ ರಾಶಿಯಲ್ಲಿ, ಗ್ರೀಸು ಮೆತ್ತಿದ ಚಿಂದಿಬಟ್ಟೆಗಳ ಕೆಳಗೆ ಅದು ಸಿಕ್ಕಿತು. ಅಷ್ಟು ಹೊತ್ತಿಗೆ ನನ್ನ ಬಿಳಿ ಅಂಗಿ ಮತ್ತೆ ಹಾಕುವಂತಿರಲಿಲ್ಲ.

ಅವರು ಜಾಲಿಮರದ ತುಂಡೊಂದನ್ನು ಹೆರೆದು, ಕೋಲಿನ ಪೊಳ್ಳು ತುದಿಯೊಳಗೆ ಬಿಗಿಯಾಗಿ ಕೂರುವಂತೆ ಬೆಣೆ ಮಾಡಿದರು. ಒಂದಿಂಚು ಆಚೆ ಉಳಿಯಬೇಕು. ಕೈ ವಿಪರೀತ ನಡುಗುತ್ತಿತ್ತು. ಕೋಲನ್ನು ಹಿಡಿದುಕೊಳ್ಳಲು ನನಗೆ ಹೇಳಿದರು. ತಪ್ಪಿನ ಭಯಕ್ಕೆ ನನ್ನ ಕೈಯೂ ನಡುಗತೊಡಗಿತು.

"ನೀವು ಅಳ್ಳಾಡ್ಬ್ಯಾಡಿ ಸಾ. ಅಳ್ಳಾಡಕ್ಕೆ ನಾನಿವ್ನಿ."

ಅಂಥ ಹೊತ್ತಿನಲ್ಲೂ ನಗು ಬಂತು, ಕೈ ನಿಂತಿತು. ಅಂಟು ಹಾಕಿ ಬೆಣೆ ಕೂರಿಸಿ, ಸೀಳಿದ ಹಳೆಯ ರಬ್ಬರನ್ನೇ ಮೇಲೆ ಹೊದಿಸಿ, ಸೀಳು ಕಾಣದ ಹಾಗೆ ಒಳಗಿಂದ ಟೇಪು ಕೊಟ್ಟರು. ಬೆರಳಿನ ಮೇಲೆ ಕೋಲನ್ನು ಅಡ್ಡ ಇಟ್ಟು ತೂಕ ನೋಡಿ, ತಲೆಗೆ ಒಂದು ಚೂರು ಸೀಸದ ತಗಡು ಅಂಟಿಸಿದರು. ಸಂಜೆಗೆ ಭಾಗ್ಯಳನ್ನು ಅಲ್ಲಿಗೇ ಕರೆಸಿದೆ. ಪಂಕ್ಚರ್ ಅಂಗಡಿಯವನು, ಟೀ ಕುಡಿಯಲು ನಿಂತವರು, ಎಲ್ಲರ ಎದುರಿಗೆ ಯಜಮಾನರು ಅವಳಿಗೆ ಹೇಳಿದರು:

"ನನ್ನಿಂದ ತಪ್ಪಾಯ್ತು ಕಣವ್ವ. ವಯಸ್ಸಾಯ್ತಲ್ಲ, ಅಳತೆ ತಪ್ಬುಡ್ತು. ಈಗ ಸರಿಮಾಡಿವ್ನಿ, ನೋಡು."

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ನಾಲ್ಕು ದಿನದ ಮೇಲೆ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾದವನು ನಾನು, ಅವಳಿಗೆ ನನ್ನ ಮೇಲೆ ನಂಬಿಕೆ ಹೋದರೆ ಹೇಗೆ ಎಂದು ಅವರು ಯೋಚಿಸಿದರು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಾಗ್ಯ ಬಲೆಯ ಮುಂದೆ ನಿಂತು ಹೊಡೆದಳು. ಮೂರನೆಯ ಹೊಡೆತಕ್ಕೆ, ಚೆಂಡು ಸರಿಯಾಗಿ ತಗುಲುವ ಹಳೆಯ ಸದ್ದು ಬಂತು.

ಅವಳು ಆಯ್ಕೆಯಾದಳು. ಕೊಟ್ಟ ಹತ್ತು ಚೆಂಡಿನಲ್ಲಿ ಒಂದು ಮಾತ್ರ ಆಚೀಚೆ ಹೋಯಿತು. ಈಗ ಅಲ್ಲೇ ಮಕ್ಕಳಿಗೆ ಕಲಿಸುತ್ತಾಳೆ, ಗಂಡ ಮಗಳು ಜೊತೆಗೇ ಇದ್ದಾರೆ. ಯಜಮಾನರು ಮಾತು ಕೊಟ್ಟಿದ್ದ ಹೊಸ ಕೋಲನ್ನೂ ಮಾಡಿಕೊಟ್ಟರು, ಅದೇ ಅವರು ಮಾಡಿದ ಕೊನೆಯ ಡ್ರೈವರ್. ಯಾಕೆಂದರೆ ಆಮೇಲೆ ಅವರ ಹತ್ತಿರ ಕೋಲು ತರುವವರು ನಿಂತುಹೋದರು. ಕೈ ನಡುಗುತ್ತದಂತೆ, ಅಳತೆ ತಪ್ಪುತ್ತದಂತೆ, ಅವರೇ ಒಪ್ಪಿಕೊಂಡರಂತೆ. ಮೊದಲು ಹಾಸನದವರು ಬಿಟ್ಟರು, ಆಮೇಲೆ ಗುದ್ದಲಿಯವರೂ. ಆರು ತಿಂಗಳಿಗೆ ಶೆಡ್ಡಿಗೆ ಬೀಗ ಬಿತ್ತು.

ಎಲ್ಲರ ಮುಂದೆ ನಿಜ ಹೇಳಿಬಿಡುತ್ತೇನೆ ಎಂದು ನಾನು ಅವರಿಗೆ ಹೇಳದೆ ಇರಲಿಲ್ಲ. "ಬಿಡಿ ಸಾ, ಹೆಂಗಿದ್ರೂ ಕೈ ನಿಂತೋಗ್ತಿತ್ತು" ಎಂದರು. ಬಿಡಿ ಅಂದದ್ದನ್ನೇ ಭದ್ರವಾಗಿ ಹಿಡಿದುಕೊಂಡೆ. ನನಗೆ ಬೇಕಾಗಿದ್ದದ್ದೂ ಅದೇ. ಅದರ ಬದಲಿಗೆ ವಾರಕ್ಕೊಂದು ಸಲ ದಂಡಿಗನಹಳ್ಳಿಗೆ ಹೋಗಿ ಅವರ ಜೊತೆ ಜಗಲಿಯ ಮೇಲೆ ಕೂತು ಬರುತ್ತಿದ್ದೆ. ತಮ್ಮನ ಮನೆಯವರೆಲ್ಲ ಹೊಲಕ್ಕೆ ಹೋಗಿರುತ್ತಿದ್ದರು. ರಸ್ತೆಯಲ್ಲಿ ಹೋಗುವವರನ್ನು ನೋಡಿ, "ಅವ್ನ ಎಡಗಾಲ್ ಅಟ್ಟೆ ಸವೆದದೆ, ಅವ್ನಿಗೆ ಕೊಡಲಿ ಕಾವು ಒಂದೀಟು ಸೊಟ್ಟ ಇದ್ರೇನೇ ಸರಿ" ಎನ್ನುತ್ತಿದ್ದರು. ನಾನು ಕೇಳುತ್ತಿದ್ದೆ. ಎರಡು ವರ್ಷ ಒಂದು ವಾರವೂ ತಪ್ಪಿಸಲಿಲ್ಲ.

ಅವರ ಹನ್ನೊಂದನೇ ದಿನದ ಕಾರ್ಯಕ್ಕೆ ಬಹಳ ಜನ ಸೇರಿದ್ದರು. ಪಂಕ್ಚರ್ ಅಂಗಡಿಯವನು, ಕಾರ್ಯದರ್ಶಿ, ಹೊಟ್ಟೆ ಇಳಿಸದ ಕಂಟ್ರಾಕ್ಟರ್ ಎಲ್ಲರೂ ಬಂದಿದ್ದರು. ಭಾಗ್ಯ ಬೆಂಗಳೂರಿಂದ ಬಂದು ಬಡಿಸುವವರ ಜೊತೆ ಸೇರಿಕೊಂಡಿದ್ದಳು. ಊಟದ ಸಾಲಿನಲ್ಲಿ ಕಾರ್ಯದರ್ಶಿ, ಪಾಪ ಪ್ರೀತಿಯಿಂದಲೇ, "ಎಂಥಾ ಕೈ ರೀ ಅವರದು. ಆಯಸ್ಸಿನಲ್ಲಿ ಒಂದೇ ಒಂದ್ಸಲ ಅಳತೆ ತಪ್ಪಿದ್ದು" ಎಂದರು. ಸುತ್ತಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಎಲೆ ಮುಂದಿದ್ದ ಹಾಗೇ ಎದ್ದು ನಿಂತೆ.

"ಅವರು ತಪ್ಪಲಿಲ್ಲ. ಮುಟ್ಟಬೇಡಿ ಅಂದಿದ್ದರು. ಕಡಿಸಿದವನು ನಾನು, ಅವರ ಹೆಸರು ಹೇಳಿದವನೂ ನಾನು."

ಯಾರೋ, "ಕೂತ್ಕಳಿ ಸಾ, ಊಟದಿಂದ ಏಳ್ಬಾರ್ದು" ಎಂದರು. ಕೂರಲಾಗಲಿಲ್ಲ. ಕೈ ತೊಳೆಯಲು ಹಿತ್ತಲಿನ ನಲ್ಲಿಗೆ ಹೋದೆ. ಸಾರಿನ ಬಕೆಟ್ಟು ಕೆಳಗಿಟ್ಟು ಭಾಗ್ಯ ಹಿಂದೆಯೇ ಬಂದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ನಂಗೆ ಗೊತ್ತಿತ್ತು ಸಾ" ಎಂದಳು.

"ಯಾವಾಗಿಂದ?"

"ಅವತ್ತಿಂದ್ಲೂ. ಯಜಮಾನ್ ತಾತ ಕಡ್ದಿದ್ರೆ ಅದು ನನ್ ಕೈಗೆ ಕೂರ್ದೆ ಇರ್ತಿತ್ತಾ?"

"ಮತ್ತೆ ನನ್ನನ್ನ ಯಾಕೆ ಕೇಳಲಿಲ್ಲಮ್ಮ? ಒಂದು ಮಾತು ಕೇಳಿದ್ದರೆ ಅವರ ಹೆಸರು ಉಳಿಯುತ್ತಿತ್ತು."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಕೇಳ್ತೀನಿ ಅಂತ ತಾತಂಗೆ ಹೇಳ್ದೆ ಸಾ. ಬ್ಯಾಡ ಕಣವ್ವ ಅಂದ್ರು. ಕೇಳ್ಬುಟ್ರೆ ಅವ್ರು ನಾಚ್ಕಂಡು ಈ ಕಡೆ ಬರೋದೇ ಬಿಟ್ಬುಡ್ತರೆ, ನಂಗೆ ಮಾತಾಡಕ್ಕೆ ಇನ್ಯಾರವ್ರೆ, ಅಂದ್ರು."

ನಲ್ಲಿಯ ನೀರು ನನ್ನ ಕೈಮೇಲೆ ಸುರಿಯುತ್ತಲೇ ಇತ್ತು. ಅವಳೇ ಬಂದು ನಲ್ಲಿ ನಿಲ್ಲಿಸಿದಳು.